ಕಾರು ನೋಂದಣಿ, ಚಿಲ್ಲರೆ ಮಾರಾಟ: ಅಂಕಿಗಳನ್ನು ಓದುವುದು ಹೇಗೆ?

2021ರ ಏಪ್ರಿಲ್‌ನಲ್ಲಿ ಐರೋಪ್ಯ ಒಕ್ಕೂಟದ ಹೊಸ ಕಾರುಗಳ ನೋಂದಣಿ ಹಿಂದಿನ ವರ್ಷದ ಏಪ್ರಿಲ್‌ಗಿಂತ ಶೇ 218.6ರಷ್ಟು ಏರಿತು. ಆರ್ಥಿಕತೆ ನಾಗಾಲೋಟದಲ್ಲಿದೆ ಎಂದುಕೊಳ್ಳಲು ಇಷ್ಟು ಸಾಕಲ್ಲವೇ? ಸಾಲದು. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್‌ನಿಂದ ಶೋರೂಂಗಳೇ ಮುಚ್ಚಿದ್ದವು. ಆ ತಿಂಗಳು ನೋಂದಣಿಯಾದದ್ದು ಸುಮಾರು 2.7 ಲಕ್ಷ ಕಾರು. ಒಂದು ವರ್ಷದ ನಂತರ ಅದು 8.6 ಲಕ್ಷಕ್ಕೆ ಏರಿತು, ನಿಜ. ಆದರೆ 2019ರ ಏಪ್ರಿಲ್‌ನಲ್ಲಿ 11.4 ಲಕ್ಷ ಇತ್ತು! ಮೂರು ಪಟ್ಟು ಏರಿದ ಮೇಲೂ ಮಾರುಕಟ್ಟೆ ಹಳೆಯ ಮಟ್ಟಕ್ಕಿಂತ ಕಾಲು ಭಾಗ ಕೆಳಗೇ ಇತ್ತು.

ಹಾಗಾಗಿ ಮೊದಲ ಹೆಜ್ಜೆ, ಶೇಕಡಾವಾರು ಅಂಕಿಯನ್ನು ಬದಿಗಿಟ್ಟು ಎಷ್ಟು ಕಾರು ಎಂದು ನೋಡುವುದು. ಕಳೆದ ವರ್ಷದ ಜೊತೆಗೆ ಅದರ ಹಿಂದಿನ ಎರಡು–ಮೂರು ವರ್ಷಗಳ ಅದೇ ತಿಂಗಳನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ತಿಂಗಳಿಂದ ತಿಂಗಳಿಗೆ ಹೋಲಿಸಿದರೆ ಮೋಸ ಹೋಗುತ್ತೀರಿ. ಬ್ರಿಟನ್‌ನಲ್ಲಿ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ನಂಬರ್ ಪ್ಲೇಟ್‌ನ ವರ್ಷಸೂಚಕ ಬದಲಾಗುತ್ತದೆ. ಹೊಸ ನಂಬರ್‌ಗಾಗಿ ಜನ ಕಾಯುವುದರಿಂದ ಪ್ರತಿವರ್ಷ ಆ ಎರಡು ತಿಂಗಳು ನೋಂದಣಿ ಉಕ್ಕುತ್ತದೆ.

ಇಷ್ಟಕ್ಕೂ ಕಾರನ್ನೇ ಏಕೆ ನೋಡಬೇಕು? ಊಟವನ್ನು ಮುಂದೂಡಲಾಗದು, ಕಾರನ್ನು ಮುಂದೂಡಬಹುದು. ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಅಳುಕು ಹುಟ್ಟಿದ ಕುಟುಂಬ ಹಳೆಯ ಕಾರನ್ನೇ ಇನ್ನೊಂದು ವರ್ಷ ಓಡಿಸುತ್ತದೆ. ಬಡ್ಡಿ ಏರಿದರೆ ಕಂತು ಭಾರವಾಗುತ್ತದೆ. ಈ ಹಿಂಜರಿಕೆ ಜಿಡಿಪಿ ವರದಿಗಿಂತ ಮೊದಲೇ ನೋಂದಣಿ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಜೊತೆಗೆ ಇದು ಸಮೀಕ್ಷೆಯ ಅಂದಾಜಲ್ಲ, ಒಂದೊಂದೇ ವಾಹನದ ದಾಖಲೆಯಿಂದ ಬಂದ ಎಣಿಕೆ.

ಎರಡನೆಯದಾಗಿ, ಕೊಂಡವರು ಯಾರು ಎಂದು ಕೇಳಿ. ಜರ್ಮನಿಯಲ್ಲಿ ಹೊಸ ಕಾರುಗಳ ಸುಮಾರು ಮೂರನೇ ಎರಡು ಭಾಗ ಕಂಪನಿಗಳು, ಬಾಡಿಗೆ ಸಂಸ್ಥೆಗಳು, ಡೀಲರ್‌ಗಳಂಥವರ ಹೆಸರಿನಲ್ಲಿ ನೋಂದಣಿಯಾಗುತ್ತವೆ. ಮಾರಾಟದ ಗುರಿ ತಲುಪಲು ಡೀಲರ್ ತನ್ನ ಹೆಸರಿಗೇ ನೋಂದಾಯಿಸಿಕೊಂಡ ಕಾರೂ ಒಟ್ಟು ಲೆಕ್ಕಕ್ಕೆ ಸೇರುತ್ತದೆ. ಅದರಿಂದ ಯಾವ ಮನೆಯ ಧೈರ್ಯವೂ ತಿಳಿಯದು. ಖಾಸಗಿ ಖರೀದಿಯ ಸಾಲು ಬೇರೆಯಾಗಿ ಸಿಕ್ಕರೆ ನಾನು ಮೊದಲು ಓದುವುದು ಅದನ್ನೇ.

ಮೂರನೆಯದು, ನಾಳೆಯ ಮಾರಾಟವನ್ನು ಇಂದೇ ಎಳೆದು ತಂದಿದ್ದಾರೆಯೇ ಎಂಬ ಪರಿಶೀಲನೆ. 2009ರಲ್ಲಿ ಜರ್ಮನಿ ಹಳೆಯ ಕಾರು ಗುಜರಿಗೆ ಹಾಕಿ ಹೊಸದನ್ನು ಕೊಂಡವರಿಗೆ 2,500 ಯುರೋ ಕೊಟ್ಟಿತು. ಜಗತ್ತು ಹಿಂಜರಿತದಲ್ಲಿದ್ದ ಆ ವರ್ಷವೇ ಅಲ್ಲಿ ನೋಂದಣಿ 38 ಲಕ್ಷ ದಾಟಿತು. ಮರುವರ್ಷ ಸುಮಾರು 29 ಲಕ್ಷಕ್ಕೆ ಇಳಿಯಿತು. ಜಪಾನ್‌ನಲ್ಲಿ 2014ರ ಏಪ್ರಿಲ್ 1ರಂದು ಬಳಕೆ ತೆರಿಗೆ ಶೇ 5ರಿಂದ 8ಕ್ಕೆ ಏರುವ ಮೊದಲು ಜನ ಅಂಗಡಿಗಳಿಗೆ ಮುಗಿಬಿದ್ದರು, ಏರಿದ ಮೇಲೆ ಮಾರಾಟ ಕುಸಿಯಿತು. ಇದಕ್ಕೆ ವಿರುದ್ಧವಾದದ್ದೂ ಉಂಟು: 2021ರಲ್ಲಿ ಕಾರಿಗೆ ಬೇಕಾದ ಎಲೆಕ್ಟ್ರಾನಿಕ್ ಚಿಪ್‌ಗಳ ಕೊರತೆಯಿಂದಾಗಿ ಕೊಳ್ಳುವವರಿದ್ದರೂ ಕಾರುಗಳಿರಲಿಲ್ಲ.

ಈಗ ಚಿಲ್ಲರೆ ಮಾರಾಟಕ್ಕೆ ಬರೋಣ. ಇಲ್ಲಿ ಕೇಳಲೇಬೇಕಾದ ಪ್ರಶ್ನೆ, ಇದು ಹಣದ ಲೆಕ್ಕವೋ ಸರಕಿನ ಲೆಕ್ಕವೋ ಎಂಬುದು. ಅಮೆರಿಕದ ಜನಗಣತಿ ಸಂಸ್ಥೆ ಪ್ರತಿ ತಿಂಗಳು ಕೊಡುವ ಅಂಕಿಯಿಂದ ಬೆಲೆ ಏರಿಕೆಯನ್ನು ಕಳೆದಿರುವುದಿಲ್ಲ. ಮಾರಾಟ ಶೇ 5 ಹೆಚ್ಚಿ ಬೆಲೆಗಳು ಶೇ 6 ಏರಿದ್ದರೆ, ಜನ ಹೆಚ್ಚು ಹಣ ತೆತ್ತು ಕಡಿಮೆ ಸರಕು ಒಯ್ದಿದ್ದಾರೆ ಎಂದರ್ಥ. ಐರೋಪ್ಯ ಒಕ್ಕೂಟದ ಅಂಕಿಅಂಶ ಕಚೇರಿ ಯೂರೋಸ್ಟಾಟ್ ಪ್ರಕಟಿಸುವ, ಸರಕಿನ ಪ್ರಮಾಣ ತೋರಿಸುವ ಸೂಚ್ಯಂಕದಲ್ಲಿ ಬೆಲೆಯ ಪ್ರಭಾವವನ್ನು ಮೊದಲೇ ತೆಗೆದಿರುತ್ತಾರೆ. ಅಮೆರಿಕದ ಚಿಲ್ಲರೆ ಲೆಕ್ಕದಲ್ಲಿ ಕಾರು ಡೀಲರ್‌ಗಳೂ ಇದ್ದಾರೆ, ಯೂರೋಸ್ಟಾಟ್‌ನದರಲ್ಲಿ ಇಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅಮೆರಿಕದ ಮೊದಲ ಅಂದಾಜು ಮುಂದಿನ ತಿಂಗಳುಗಳಲ್ಲಿ ಪರಿಷ್ಕರಣೆಯಾಗುತ್ತದೆ; ಪರಿಷ್ಕೃತ ಸಂಖ್ಯೆ ಬಂದಾಗ ನಿಮ್ಮ ಪಟ್ಟಿಯನ್ನೂ ತಿದ್ದಿಕೊಳ್ಳಿ.

ಕೊನೆಗೆ ಖಾಸಗಿ ಕಾರು ನೋಂದಣಿ, ಬೆಲೆ ಏರಿಕೆ ಕಳೆದ ಚಿಲ್ಲರೆ ಮಾರಾಟ ಎರಡನ್ನೂ ಮೂರು ತಿಂಗಳ ಸರಾಸರಿಯಲ್ಲಿ ಅಕ್ಕಪಕ್ಕ ಇಡಿ. ಕಾರು ಮಾತ್ರ ಇಳಿದಿದ್ದರೆ ಬಡ್ಡಿ, ತೆರಿಗೆ, ಪೂರೈಕೆಯ ಕಡೆ ಕಾರಣ ಹುಡುಕಿ. ಕಾರು ಮೊದಲು ಇಳಿದು, ಕೆಲವು ತಿಂಗಳ ನಂತರ ಚಿಲ್ಲರೆ ಮಾರಾಟವೂ ಅದೇ ಹಾದಿ ಹಿಡಿದಿದ್ದರೆ ಉದ್ಯೋಗದ ಅಂಕಿಅಂಶಗಳನ್ನು ತಡಮಾಡದೆ ತೆರೆದು ನೋಡಿ.