ಎಫ್ ಕೀ ಕೈಕೊಟ್ಟ ಮೇಲೆ: ನಾನು ಕೀಬೋರ್ಡ್, ಮೌಸ್ ಆರಿಸಿಕೊಂಡ ಬಗೆ

ನನ್ನ ಹಳೆಯ ಕೀಬೋರ್ಡಿನಲ್ಲಿ ಮೊದಲು ಹೋಗಿದ್ದು ಎಫ್ ಕೀ. ಇಂಗ್ಲಿಷ್ ಮಾತ್ರ ಟೈಪ್ ಮಾಡುವವರಿಗೆ ಇದು ವಿಚಿತ್ರ ಅನ್ನಿಸಬಹುದು. ನಾನು ತುಮಕೂರಿನಲ್ಲಿ ಮನೆಯಿಂದಲೇ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಕವನ ಸಂಕಲನ, ಸಹಕಾರ ಸಂಘದ ವಾರ್ಷಿಕ ವರದಿ, ಎಲ್ಲ ಬರುತ್ತವೆ. ಟೈಪ್ ಮಾಡುವುದು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ, ಅಂದರೆ ಕೆ.ಪಿ. ರಾವ್ ರೂಪಿಸಿದ ಕೀ ವಿನ್ಯಾಸದಲ್ಲಿ. ಅದರಲ್ಲಿ ಒತ್ತಕ್ಷರ ಕೂಡಿಸುವುದು ಎಫ್ ಕೀ. ‘ಅಮ್ಮ’ ಅಂತ ಬರೆಯಲು ಎ, ಎಂ, ಎಫ್, ಎಂ ಒತ್ತಬೇಕು. ಮಹಾಪ್ರಾಣಕ್ಕೆ ಶಿಫ್ಟ್. ಬರೀ ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ.

ರಾತ್ರಿ ಊಟ ಆದ ಮೇಲೆ ಚಿಕ್ಕಪ್ಪನ ಮಕ್ಕಳ ಜೊತೆ ವ್ಯಾಲೊರಂಟ್ ಅನ್ನುವ ಗುಂಡು ಹಾರಿಸುವ ಕಂಪ್ಯೂಟರ್ ಆಟ ಆಡುತ್ತೇನೆ. ಅಲ್ಲೂ ಶಿಫ್ಟ್ ಹಿಡಿದರೇನೇ ಹೆಜ್ಜೆ ಸದ್ದಾಗದ ಹಾಗೆ ನಡೆಯಬಹುದು. ಏನನ್ನಾದರೂ ಬಳಸಬೇಕೆಂದರೆ ಎಫ್. ಹಗಲು ಸವೆದ ಕೀಗಳೇ ರಾತ್ರಿಯೂ ಸವೆಯುತ್ತಿದ್ದವು.

ಹೊಸದು ಕೊಳ್ಳುವ ಮೊದಲು ಒಂದು ಕೆಲಸ ಮಾಡಿದೆ. ಟೈಪ್ ಮಾಡಿಟ್ಟಿದ್ದ ಒಂದು ಪುಟ ತೆಗೆದು ಒತ್ತಕ್ಷರ ಎಷ್ಟಿವೆ ಅಂತ ಎಣಿಸಿದೆ. ನೂರು ದಾಟಿತು. ಒಂದು ಪುಟಕ್ಕೆ ನೂರು ಸಲ ಎಫ್! ಕೀಬೋರ್ಡ್ ಕೊಳ್ಳುವವರು ಮೊದಲು ತಮ್ಮ ಬೆರಳು ಎಲ್ಲಿ ಜಾಸ್ತಿ ಬೀಳುತ್ತದೆ ಅಂತ ನೋಡಿಕೊಳ್ಳಬೇಕು, ದೀಪ ಬಣ್ಣ ಎಲ್ಲ ಆಮೇಲೆ. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ವಿನ್ಯಾಸ ಬಳಸುವವರಿಗೆ ಒತ್ತು ಇರುವುದು ಡಿ ಕೀಯಲ್ಲಿ. ಆಟದಲ್ಲಿ ಬಲಕ್ಕೆ ಸರಿಯುವ ಕೀಯೂ ಅದೇ. ಅವರ ಡಿ ಕೀಗೆ ನನ್ನ ಎಫ್‌ಗಿಂತ ದುಡಿಮೆ ಜಾಸ್ತಿ.

ಹಳೆಯದು ಮೆಂಬ್ರೇನ್ ಕೀಬೋರ್ಡ್. ಕೀ ಕೆಳಗೆ ರಬ್ಬರಿನ ಬುಗುಟು ಇರುತ್ತದಲ್ಲ, ಅದು. ಹೆಚ್ಚುಕಡಿಮೆ ತಳದವರೆಗೂ ಒತ್ತಿದರೆ ಮಾತ್ರ ಅಕ್ಷರ ಮೂಡುತ್ತದೆ. ಸಂಜೆ ಹೊತ್ತಿಗೆ ಎಡಗೈ ತೋರುಬೆರಳು ನೋಯುತ್ತಿತ್ತು. ಇನ್ನೊಂದು ತೊಂದರೆ ಆಟದಲ್ಲಿ. ಶಿಫ್ಟ್ ಹಿಡಿದು ಓರೆಯಾಗಿ ನಡೆಯುತ್ತಾ ಇನ್ನೊಂದು ಕೀ ಒತ್ತಿದರೆ ಅದು ದಾಖಲೇ ಆಗುತ್ತಿರಲಿಲ್ಲ. ಅಗ್ಗದ ಕೀಬೋರ್ಡಿನ ಒಳಗೆ ತಂತಿಗಳು ಅಡ್ಡ ಸಾಲು, ಉದ್ದ ಸಾಲು ಅಂತ ಜಾಲರಿಯ ಹಾಗೆ ಇರುತ್ತವೆ. ಚೌಕದ ಮೂರು ಮೂಲೆಯ ಕೀ ಒಟ್ಟಿಗೆ ಒತ್ತಿದರೆ ನಾಲ್ಕನೆಯದನ್ನೂ ಒತ್ತಿದ ಹಾಗೆ ಕಾಣುತ್ತದೆ. ಆ ಗೊಂದಲ ಬೇಡ ಅಂತ ಕೀಬೋರ್ಡು ಮೂರನೆಯ ಕೀಯನ್ನೇ ತಡೆದುಬಿಡುತ್ತದೆ. ಒಂದೊಂದು ಕೀಗೂ ಒಂದು ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇದ್ದರೆ ಈ ತೊಂದರೆ ಇಲ್ಲ.

ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ನೋಟ್‌ಪ್ಯಾಡ್ ತೆರೆದು ಎರಡೂ ಕಡೆಯ ಶಿಫ್ಟ್ ಒತ್ತಿಹಿಡಿಯಿರಿ. ಉಳಿದ ಬೆರಳಿಂದ ಎ ಇಂದ ಝಡ್‌ವರೆಗೆ ಒಂದೊಂದೇ ಅಕ್ಷರ ಒತ್ತಿ. ಮೂಡದ ಅಕ್ಷರ ಇದ್ದರೆ ಆ ಕೀಬೋರ್ಡ್ ಆಟಕ್ಕೆ ಬೇಡ. ನನ್ನ ಹಳೆಯದರಲ್ಲಿ ಅರ್ಧಕ್ಕರ್ಧ ಅಕ್ಷರ ಮೂಡಲಿಲ್ಲ.

ಮೆಕ್ಯಾನಿಕಲ್, ಅಂದರೆ ಒಂದೊಂದು ಕೀ ಕೆಳಗೂ ಸ್ಪ್ರಿಂಗ್ ಇರುವ ಬೇರೆ ಬೇರೆ ಸ್ವಿಚ್ ಇರುವ ಕೀಬೋರ್ಡ್ ಅಂತ ತೀರ್ಮಾನ ಆಯಿತು. ಆದರೆ ಯಾವ ಸ್ವಿಚ್? ಗೆಳೆಯನೊಬ್ಬ ಬ್ಲೂ ಸ್ವಿಚ್ ಇರುವ ತನ್ನ ಕೀಬೋರ್ಡ್ ನಾಲ್ಕು ದಿನಕ್ಕೆ ಕೊಟ್ಟ. ಒತ್ತಿದಾಗ ಟಿಕ್ ಅಂತ ಸದ್ದು, ಬೆರಳಿಗೂ ಒಂದು ಸಣ್ಣ ತಡೆ. ಟೈಪ್ ಮಾಡಲು ಬಹಳ ಹಿತವಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಅಮ್ಮ, “ಏನೋ ಅದು, ರಾತ್ರಿಯೆಲ್ಲ ಅಡಕತ್ತರೀಲಿ ಅಡಿಕೆ ಕತ್ತರಿಸಿದ ಹಾಗೆ ಸದ್ದು?” ಅಂದರು. ಅವರ ಕೋಣೆ ನನ್ನ ಮೇಜಿನ ಗೋಡೆಯ ಆಚೆಗೇ ಇದೆ. ಬ್ಲೂ ಬಿಟ್ಟೆ.

ಒಂದು ಶನಿವಾರ ರೈಲು ಹತ್ತಿ ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಮನೆಗೇ ತರಿಸಬಹುದಿತ್ತು. ಆದರೆ ಸ್ವಿಚ್ ಅನ್ನುವುದು ಬೆರಳಿಟ್ಟು ನೋಡದೆ ಗೊತ್ತಾಗುವ ವಸ್ತು ಅಲ್ಲ. ನುಡಿ ಹಾಕಿಕೊಂಡಿದ್ದ ಲ್ಯಾಪ್‌ಟಾಪನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೆ.

“ಗೇಮಿಂಗ್‌ಗೆ ಅಂದ್ರೆ ರೆಡ್ ತಗೊಳ್ಳಿ ಸರ್, ಎಲ್ರೂ ಅದೇ ಕೇಳೋದು” ಅಂದ ಅಂಗಡಿಯ ಹುಡುಗ.

“ಐದು ನಿಮಿಷ ಕನ್ನಡ ಟೈಪ್ ಮಾಡಿ ನೋಡ್ಲಾ?”

“ನೋಡಿ ಸರ್, ಅದಕ್ಕೇನಂತೆ.”

ರೆಡ್ ಸ್ವಿಚ್ಚಿನಲ್ಲಿ ತಡೆಯೇ ಇಲ್ಲ, ನೇರವಾಗಿ ಇಳಿಯುತ್ತದೆ. ಚೆರಿ ಕಂಪನಿಯ ರೆಡ್‌ನ ಅಳತೆ ಹೇಳುವುದಾದರೆ, ಕೀ ಒಟ್ಟು 4 ಮಿ.ಮೀ. ಇಳಿಯುತ್ತದೆ, 2 ಮಿ.ಮೀ. ಇಳಿಯುವಷ್ಟರಲ್ಲೇ ಅಕ್ಷರ ಮೂಡುತ್ತದೆ. ಸುಮಾರು 45 ಗ್ರಾಂ ಭಾರ ಬಿದ್ದರೆ ಸಾಕು. ಆಟಕ್ಕೆ ಇದು ಚೆನ್ನ. ಆದರೆ ನನ್ನ ಐದು ನಿಮಿಷದ ಪರೀಕ್ಷೆಯಲ್ಲಿ ಎಲ್ಲೆಲ್ಲೋ ಬೇಡದ ಒತ್ತುಗಳು ಬಿದ್ದಿದ್ದವು. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಎಫ್ ಮತ್ತು ಜೆ ಕೀಗಳ ಮೇಲೆ ಸಣ್ಣ ಉಬ್ಬು ಇರುತ್ತದಲ್ವಾ, ತೋರುಬೆರಳುಗಳು ವಿಶ್ರಮಿಸುವುದು ಅಲ್ಲೇ. ಯೋಚನೆ ಮಾಡುತ್ತಾ ಸುಮ್ನೆ ಬೆರಳಿಟ್ಟರೂ ಎಫ್ ಕೆಳಗೆ ಹೋಗುತ್ತಿತ್ತು. ಇಂಗ್ಲಿಷಿನಲ್ಲಾದರೆ ಒಂದು ಎಫ್ ಜಾಸ್ತಿ ಬಿದ್ದಿದ್ದು ಕಣ್ಣಿಗೆ ಹೊಡೆಯುತ್ತದೆ. ಕನ್ನಡದಲ್ಲಿ ಮುಂದಿನ ಅಕ್ಷರವೇ ಒತ್ತಾಗಿ ಇಳಿದುಬಿಡುತ್ತದೆ, ಕರಡು ತಿದ್ದುವಾಗ ತಪ್ಪಿಸಿಕೊಂಡೂ ಹೋಗಬಹುದು. ಲಗ್ನಪತ್ರಿಕೆಯಲ್ಲಿ ಮದುಮಗಳ ಹೆಸರಿನೊಳಗೆ ಹಾಗಾದರೆ?

ಬ್ರೌನ್ ಸ್ವಿಚ್ ನೋಡಿದೆ. ಸದ್ದು ಕಡಿಮೆ. ಅರ್ಧ ದಾರಿಯಲ್ಲಿ ಒಂದು ಸಣ್ಣ ಉಬ್ಬು ದಾಟಿದ ಹಾಗೆ ಬೆರಳಿಗೆ ತಿಳಿಯುತ್ತದೆ. ಚೆರಿಯ ಲೆಕ್ಕದಲ್ಲಿ ಸುಮಾರು 55 ಗ್ರಾಂ ಬೇಕು. ಆ ಹತ್ತು ಗ್ರಾಂ ವ್ಯತ್ಯಾಸ ನನಗೆ ಸಾಕಾಯಿತು. ಅದೇ ಪುಟ ಮತ್ತೆ ಟೈಪ್ ಮಾಡಿದೆ, ಒಂದೇ ಒಂದು ಬೇಡದ ಒತ್ತು ಬಿತ್ತು.

ಇನ್ನು ಗಾತ್ರ. ಇಲ್ಲಿ ನಾನು ಜಾಸ್ತಿ ಹೊತ್ತು ಲೆಕ್ಕ ಹಾಕಿದೆ, ಯಾಕೆಂದರೆ ಮೌಸಿನ ಜಾಗವನ್ನು ನಿರ್ಧರಿಸುವುದು ಕೀಬೋರ್ಡಿನ ಉದ್ದ. ವ್ಯಾಲೊರಂಟ್‌ನಲ್ಲಿ ನನ್ನ ಮೌಸ್ 800 ಡಿಪಿಐ (ಒಂದು ಅಂಗುಲ ಸರಿದರೆ ಮೌಸ್ ಎಣಿಸುವ ಚುಕ್ಕೆಗಳು), ಆಟದೊಳಗಿನ ಸೆನ್ಸಿಟಿವಿಟಿ, ಅಂದರೆ ತಿರುಗುವ ವೇಗದ ಸೆಟ್ಟಿಂಗ್, 0.35. ಈ ಲೆಕ್ಕದಲ್ಲಿ ಆಟಗಾರ ಪೂರ್ತಿ ಒಂದು ಸುತ್ತು ತಿರುಗಲು ಮೌಸ್ ಸುಮಾರು 47 ಸೆಂ.ಮೀ. ಸರಿಯಬೇಕು. ಹಿಂದೆ ತಿರುಗಿ ನೋಡಲು ಅದರ ಅರ್ಧ. ಅದಕ್ಕೇ 45 ಸೆಂ.ಮೀ. ಅಗಲದ ಪ್ಯಾಡ್ ಇಟ್ಟುಕೊಂಡಿದ್ದೇನೆ. ಮೇಜು ಇರುವುದು ಎರಡೂ ಮುಕ್ಕಾಲು ಅಡಿ, ಅಂದರೆ ಸುಮಾರು 84 ಸೆಂ.ಮೀ. ನಂಬರ್ ಪ್ಯಾಡ್ ಸಮೇತ ಇರುವ 104 ಕೀಗಳ ಕೀಬೋರ್ಡ್ 44 ಸೆಂ.ಮೀ. ಹತ್ತಿರ ಇರುತ್ತದೆ. ಎರಡೂ ಸೇರಿ 89, ಮೇಜಿನಿಂದ ಹೊರಗೆ. ನಂಬರ್ ಪ್ಯಾಡ್ ಇಲ್ಲದ 87 ಕೀಗಳದು ಸುಮಾರು 36. ಎರಡೂ ಸೇರಿ 81. ಕೂತಿತು. ಬಲಗೈಯನ್ನು ದೂರ ಚಾಚುವುದೂ ತಪ್ಪಿತು, ಭುಜಕ್ಕೆ ಆರಾಮ. ದಿನವಿಡೀ ಲೆಕ್ಕಪತ್ರ ಬರೆಯುವವರು ಮಾತ್ರ ನಂಬರ್ ಪ್ಯಾಡ್ ಬಿಡಬೇಡಿ.

ಇನ್ನೂ ಚಿಕ್ಕದು ಕೊಂಡರೆ ಇನ್ನೂ ಜಾಗ ಸಿಗುತ್ತದಲ್ಲ ಅಂತ 61 ಕೀಗಳದ್ದನ್ನು ಕೈಗೆತ್ತಿಕೊಂಡೆ. ಅಂದವಾಗಿತ್ತು. ಆದರೆ ಅದರಲ್ಲಿ ಸ್ಕ್ರೋಲ್ ಲಾಕ್ ಇಲ್ಲ. ನಾನು ಬಳಸುವ ನುಡಿಯಲ್ಲಿ ಕನ್ನಡ–ಇಂಗ್ಲಿಷ್ ಬದಲಿಸುವುದು ಆ ಕೀಯಿಂದಲೇ. ಬೇರೆಯವರು ವರ್ಷಕ್ಕೊಮ್ಮೆಯೂ ಮುಟ್ಟದ ಕೀ ಅದು, ನನಗೆ ಗಂಟೆಗೆ ಹತ್ತು ಸಲ ಬೇಕು. ಬಾಣದ ಕೀಗಳೂ ಇಲ್ಲ. ಕೆಳಗಿಟ್ಟೆ.

ಕೊನೆಗೆ ಕೊಂಡಿದ್ದು 87 ಕೀ, ಬ್ರೌನ್ ಸ್ವಿಚ್, ಹಾಟ್‌ಸ್ವ್ಯಾಪ್ ಇರುವ ತಂತಿಯ ಕೀಬೋರ್ಡ್. ಹಾಟ್‌ಸ್ವ್ಯಾಪ್ ಅಂದರೆ ಬೆಸುಗೆ ಬಿಡಿಸದೆ ಒಂದೊಂದು ಸ್ವಿಚ್ಚನ್ನೂ ಚಿಮಟದಿಂದ ಕಿತ್ತು ಬೇರೆಯದು ಹಾಕಬಹುದು. ಸ್ವಿಚ್‌ಗಳಲ್ಲಿ ಮೂರು ಕಾಲಿನವು, ಐದು ಕಾಲಿನವು ಅಂತ ಇವೆ. ಐದು ಕಾಲಿನವು ಹಿಡಿಸುವ ಬೋರ್ಡ್ ಆದರೆ ಎರಡೂ ಕೂರುತ್ತವೆ, ಅದನ್ನು ಕೇಳಿಯೇ ತಗೊಳ್ಳಿ. ಕೀಕ್ಯಾಪ್, ಅಂದರೆ ಕೀ ಮೇಲಿನ ಟೋಪಿ, ಪಿಬಿಟಿ ಪ್ಲಾಸ್ಟಿಕ್ಕಿನದು ಆರಿಸಿದೆ. ಎಬಿಎಸ್ ಪ್ಲಾಸ್ಟಿಕ್ ಆದರೆ ಬೇಗ ಸವೆದು ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ.

ಮೌಸಿನ ವಿಷಯ ಇಷ್ಟು ಕಷ್ಟ ಆಗಲಿಲ್ಲ. ಹಳೆಯದರಲ್ಲಿ ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗೆ ಆಗುತ್ತಿತ್ತು. ಗುಂಡಿಯ ಕೆಳಗಿನ ಸಣ್ಣ ಸ್ವಿಚ್ಚಿನ ಲೋಹದ ಪಟ್ಟಿ ಸವೆದರೆ ಹೀಗಾಗುತ್ತದೆ. ಪುಟದ ಮೇಲೆ ಚಿತ್ರವನ್ನು ಎಳೆದುಕೊಂಡು ಹೋಗುವಾಗ ಅದು ನಡುವೆ ಕೈಬಿಟ್ಟುಹೋಗುತ್ತಿತ್ತು.

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಡಿಪಿಐ ಸಂಖ್ಯೆ ನಾನು ನೋಡಲೇ ಇಲ್ಲ. 800 ಬಳಸುವವನಿಗೆ 12,000 ಯಾಕೆ? ನೋಡಿದ್ದು ಎರಡೇ: ಅಂಗೈಗೆ ಹೊಂದುವ ಗಾತ್ರ, ತೂಕ. ಮಣಿಕಟ್ಟಿನಿಂದ ನಡುಬೆರಳ ತುದಿಗೆ ನನ್ನ ಕೈ 17.5 ಸೆಂ.ಮೀ. ಬೆರಳು ಬಾಗಿಸಿ ಹಿಡಿಯುವುದು ನನ್ನ ರೂಢಿ. ರೇಜರ್ ಡೆತ್‌ಆಡರ್ ಎಸೆನ್ಷಿಯಲ್ 127 ಮಿ.ಮೀ. ಉದ್ದ, ಅಂಗೈ ಪೂರ್ತಿ ಊರಿ ಹಿಡಿಯುವವರಿಗೆ ಹೇಳಿ ಮಾಡಿಸಿದ ಹಾಗಿದೆ. ನನಗೆ ದೊಡ್ಡದಾಯಿತು. ಲಾಜಿಟೆಕ್ ಜಿ304 ತಂತಿಯಿಲ್ಲದ್ದು, ಆದರೆ ಒಳಗೊಂದು ಎಎ ಬ್ಯಾಟರಿ ಸೇರಿ 99 ಗ್ರಾಂ. ಅದರದ್ದೇ ಆಕಾರದ ಜಿ102 ತಂತಿಯದು, 85 ಗ್ರಾಂ. ಅದನ್ನೇ ತಗೊಂಡೆ. ಸೆಕೆಂಡಿಗೆ 1,000 ಸಲ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಸಾದಾ ಆಫೀಸ್ ಮೌಸ್ ಸಾಮಾನ್ಯವಾಗಿ 125 ಸಲ. ಒಂದು ವಾರ ಆಡಿದ ಮೇಲೆ ಈ ವ್ಯತ್ಯಾಸ ಕೈಗೆ ತಿಳಿಯಿತು.

ಮನೆಗೆ ಬಂದು ವಿಂಡೋಸ್‌ನಲ್ಲಿ ಎರಡು ಬದಲಾವಣೆ ಮಾಡಿದೆ. ಶಿಫ್ಟ್ ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಕಿಟಕಿ ಎದ್ದು ಆಟದ ನಡುವೆ ಬಂದು ನಿಲ್ಲುತ್ತದೆ, ಅದನ್ನು ಮುಚ್ಚಿಸಿದೆ. ಮೌಸ್ ಸೆಟ್ಟಿಂಗಿನಲ್ಲಿ ‘ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್’ ತೆಗೆದೆ. ಅದು ಇದ್ದರೆ ಕೈ ವೇಗವಾಗಿ ಸರಿದಾಗ ಬಾಣ ಇನ್ನೂ ಹೆಚ್ಚು ದೂರ ಓಡುತ್ತದೆ, ಅಳತೆ ಕೈಗೆ ಕೂರುವುದಿಲ್ಲ.

ಒಂದು ಪ್ರಯೋಗವನ್ನೂ ಮಾಡಿದೆ. ಆಟದಲ್ಲಿ ನಡೆದಾಡುವ ನಾಲ್ಕು ಕೀಗೆ (ಡಬ್ಲ್ಯು, ಎ, ಎಸ್, ಡಿ) ಮಾತ್ರ ರೆಡ್ ಸ್ವಿಚ್ ಹಾಕಿದೆ. ಆಟ ಚೆನ್ನಾಗಿಯೇ ನಡೆಯಿತು. ಆದರೆ ಟೈಪ್ ಮಾಡುವಾಗ ಡ, ಅ, ಸ, ದ ಮಾತ್ರ ಹಗುರ, ಉಳಿದವು ಗಟ್ಟಿ. ತಾಳ ತಪ್ಪಿದ ಹಾಗೆ ಆಗುತ್ತಿತ್ತು. ಮೂರನೆಯ ದಿನ ವಾಪಸ್ ಬ್ರೌನ್ ಹಾಕಿದೆ.

ಹತ್ತು ತಿಂಗಳಾದ ಮೇಲೆ, ಹೋದ ತಿಂಗಳು, ಎಫ್ ಸ್ವಿಚ್ ಮತ್ತೆ ಸತಾಯಿಸಿತು. ಒಂದು ಸಲ ಒತ್ತಿದರೆ ಎರಡು ಒತ್ತು. ಸಂಜೆಯೊಳಗೆ ಒಂದು ಪುಸ್ತಕದ ಕೊನೆಯ ಕರಡು ಕಳಿಸಬೇಕಿತ್ತು. ಬಿಡಿ ಸ್ವಿಚ್ ಮನೆಯಲ್ಲಿ ಇರಲಿಲ್ಲ. ಸ್ಕ್ರೋಲ್ ಲಾಕ್ ಪಕ್ಕದ ಪಾಜ್ (Pause) ಕೀಯನ್ನು ನಾನು ಈವರೆಗೆ ಒಮ್ಮೆಯೂ ಒತ್ತಿಲ್ಲ. ಚಿಮಟ ತೆಗೆದುಕೊಂಡು ಎರಡರ ಸ್ವಿಚ್ಚನ್ನೂ ಅದಲುಬದಲು ಮಾಡಿದೆ. ಎರಡು ನಿಮಿಷ ಹಿಡಿಯಿತು. ಕರಡು ಏಳು ಗಂಟೆಗೆ ಹೋಯಿತು, ಒಂಬತ್ತೂವರೆಗೆ ಆಟಕ್ಕೆ ಕೂತೆ.