ಕ್ಲೌಡ್ ಗೇಮಿಂಗ್‌ಗೆ ದುಡ್ಡು ಕಟ್ಟುವ ಮೊದಲು ನಿಮ್ಮ ಇಂಟರ್ನೆಟ್ ಲೈನ್ ನೋಡಿಕೊಳ್ಳಿ

ದುಬಾರಿ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ದೊಡ್ಡ ಗೇಮ್ ಆಡಬಹುದು ಅನ್ನುವುದು ಸುಳ್ಳಲ್ಲ. ಗೇಮ್ ಓಡುವುದು ಎಲ್ಲೋ ದೂರದ ಸರ್ವರ್‌ನಲ್ಲಿ, ನಿಮ್ಮ ಹಳೇ ಲ್ಯಾಪ್‌ಟಾಪ್‌ಗೆ ಬರುವುದು ಬರೀ ವಿಡಿಯೋ. ರಾತ್ರಿಯಿಡೀ ಡೌನ್‌ಲೋಡ್ ಮಾಡುವ ಕಾಟ ಇಲ್ಲ, ಅಪ್‌ಡೇಟ್‌ಗೆ ಕಾಯಬೇಕಿಲ್ಲ. ಆದರೆ ಸಿನಿಮಾ ಸಲೀಸಾಗಿ ಓಡುವ ಲೈನ್‌ನಲ್ಲಿ ಗೇಮೂ ಓಡುತ್ತದೆ ಅಂದುಕೊಳ್ಳಬೇಡಿ. ಸಿನಿಮಾ ಆದರೆ ಮುಂದಿನ ಒಂದಷ್ಟು ಸೆಕೆಂಡು ಮೊದಲೇ ತಂದಿಟ್ಟುಕೊಳ್ಳುತ್ತದೆ. ನೀವು ಮುಂದೆ ಯಾವ ಬಟನ್ ಒತ್ತುತ್ತೀರಿ ಅಂತ ಸರ್ವರ್‌ಗೆ ಮೊದಲೇ ಗೊತ್ತಿರುವುದಿಲ್ಲ ಅಲ್ವಾ?

ಅದಕ್ಕೇ ಸ್ಪೀಡ್‌ಗಿಂತ ಲೇಟೆನ್ಸಿ, ಅಂದರೆ ನಿಮ್ಮ ಸಿಗ್ನಲ್ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ, ಮುಖ್ಯ. ಎನ್ವಿಡಿಯಾದ ಕ್ಲೌಡ್ ಗೇಮಿಂಗ್ ಸೇವೆ ಜಿಫೋರ್ಸ್ ನೌ 1080ಪಿ ಚಿತ್ರ, ಸೆಕೆಂಡಿಗೆ 60 ಫ್ರೇಮ್‌ಗೆ ಕೇಳುವುದು 25 ಎಂಬಿಪಿಎಸ್ ಅಷ್ಟೇ. ಜೊತೆಗೆ ಲೇಟೆನ್ಸಿ 80 ಮಿಲಿಸೆಕೆಂಡ್ ಒಳಗಿರಬೇಕು, 40ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು ಅನ್ನುತ್ತದೆ. ಇಲ್ಲಿ ದೂರದ್ದೇ ಆಟ. ಫೈಬರ್‌ನಲ್ಲಿ ಬೆಳಕು 1000 ಕಿ.ಮೀ. ಹೋಗಿ ಬರುವುದಕ್ಕೇ ಸುಮಾರು 10 ಮಿಲಿಸೆಕೆಂಡ್ ಬೇಕು, ಎಂಥ ಪ್ಲಾನ್ ಹಾಕಿಸಿದರೂ ಅದು ಕಮ್ಮಿ ಆಗುವುದಿಲ್ಲ. ಹಾಗಾಗಿ ನೀವು ನೋಡುತ್ತಿರುವ ಸೇವೆಯ ಸರ್ವರ್ ಎಲ್ಲಿದೆ ಅಂತ ಮೊದಲು ಹುಡುಕಿ.

ಆಮೇಲೆ ಟೆಸ್ಟ್ ಮಾಡಿ. ಬೆಳಗಿನ ಜಾವ ಅಲ್ಲ, ಎಲ್ಲರೂ ನೆಟ್ ಬಳಸುವ ಸಂಜೆ ಹೊತ್ತಿನಲ್ಲಿ. ಟೆಸ್ಟ್‌ನಲ್ಲಿ ಪಿಂಗ್ ಅಂತ ಮಿಲಿಸೆಕೆಂಡ್‌ನಲ್ಲಿ ತೋರಿಸುವುದೇ ಈ ಲೇಟೆನ್ಸಿ, ಅದರ ಸರಾಸರಿ ಒಂದನ್ನೇ ನೋಡಬೇಡಿ. ಒಮ್ಮೆ 30, ಮರುಕ್ಷಣ 120 ಅಂತ ಕುಣಿಯುವ ಲೈನ್‌ಗಿಂತ ಸದಾ 50ರಲ್ಲಿ ನಿಲ್ಲುವ ಲೈನ್ ಎಷ್ಟೋ ವಾಸಿ. ಮನೆಯಲ್ಲಿ ಇನ್ನೊಬ್ಬರು ದೊಡ್ಡ ಫೈಲ್ ಅಪ್‌ಲೋಡ್ ಮಾಡುತ್ತಿರುವಾಗಲೂ ಒಮ್ಮೆ ಅಳೆಯಿರಿ. ಆಗ ಪಿಂಗ್ ಏರಿಬಿಟ್ಟರೆ ರೌಟರ್ ಸೆಟ್ಟಿಂಗ್‌ನಲ್ಲಿ ಕ್ಯೂಒಎಸ್ (QoS) ಅಥವಾ ಎಸ್‌ಕ್ಯೂಎಂ (SQM) ಅನ್ನುವ, ಒಬ್ಬರ ಬಳಕೆ ಇನ್ನೊಬ್ಬರಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಆಯ್ಕೆ ಇದೆಯಾ ನೋಡಿ, ಇದ್ದರೆ ಆನ್ ಮಾಡಿ.

ರೌಟರ್‌ನಿಂದ ಕೇಬಲ್ ಎಳೆಯಲು ಸಾಧ್ಯವಿದ್ದರೆ ಎಳೆಯಿರಿ, ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಸುಧಾರಣೆ ಇನ್ನೊಂದಿಲ್ಲ. ಆಗಲಿಲ್ಲ ಅಂದರೆ 5 ಗಿಗಾಹರ್ಟ್ಸ್ ವೈಫೈ, ರೌಟರ್ ಇರುವ ಕೋಣೆಯಲ್ಲೇ. ಟಿವಿಯಲ್ಲಿ ಆಡುವವರು ಟಿವಿ ಸೆಟ್ಟಿಂಗ್‌ನಲ್ಲಿ, ಚಿತ್ರ ತಡವಾಗುವುದನ್ನು ಕಮ್ಮಿ ಮಾಡುವ ಗೇಮ್ ಮೋಡ್ ಹಾಕಿ. ವಿಪಿಎನ್ ಆಫ್ ಮಾಡಿ. ಚಿತ್ರ ಒಡೆಯುತ್ತಿದ್ದರೆ ಸುಮ್ನೆ ಒದ್ದಾಡಬೇಡಿ, 720ಪಿಗೆ ಇಳಿಸಿ.

ಡೇಟಾ ಲೆಕ್ಕವನ್ನೂ ಮರೆಯಬೇಡಿ. 25 ಎಂಬಿಪಿಎಸ್ ಪೂರ್ತಿ ಬಳಕೆಯಾದರೆ ಗಂಟೆಗೆ ಸುಮಾರು 11 ಜಿಬಿ ಹೋಗುತ್ತದೆ. ಡೇಟಾ ಮಿತಿ ಇರುವವರಿಗೆ ಇದು ಜಾಸ್ತಿ.

ಎಲ್ಲಾ ಗೇಮೂ ಇದಕ್ಕೆ ಹೊಂದುವುದಿಲ್ಲ. ಕಥೆ ಇರುವ ಗೇಮ್, ಸರದಿ ಮೇಲೆ ಆಡುವ ಸ್ಟ್ರಾಟಜಿ ಗೇಮ್ ಆರಾಮಾಗಿ ಆಡಬಹುದು. ಫೈಟಿಂಗ್, ತಾಳಕ್ಕೆ ಸರಿಯಾಗಿ ಬಟನ್ ಒತ್ತುವ ರಿದಮ್ ಗೇಮ್, ಪೈಪೋಟಿಯ ಶೂಟರ್ ಬೇಡ. 60 ಫ್ರೇಮ್‌ನಲ್ಲಿ ಒಂದೊಂದು ಫ್ರೇಮ್ ಇರುವುದೇ 16.7 ಮಿಲಿಸೆಕೆಂಡ್, ನಿಮ್ಮ ಏಟು ಮೂರು ಫ್ರೇಮ್ ತಡವಾದರೂ ಎದುರಾಳಿ ಗೆದ್ದಿರುತ್ತಾನೆ.

ಇನ್ನು ದುಡ್ಡಿನ ವಿಷಯ, ನನಗೆ ನಿಜಕ್ಕೂ ಕಳವಳ ಇರುವುದು ಇಲ್ಲೇ. ಗೂಗಲ್‌ನ ಕ್ಲೌಡ್ ಗೇಮಿಂಗ್ ಸೇವೆ ಸ್ಟೇಡಿಯಾ 2019ರ ನವೆಂಬರ್‌ನಲ್ಲಿ ಶುರುವಾಗಿ 2023ರ ಜನವರಿಯಲ್ಲಿ ಮುಚ್ಚಿತು. ಗೂಗಲ್ ಅದರ ಅಂಗಡಿಯಲ್ಲಿ ಕೊಂಡ ಗೇಮ್‌ಗಳ ಹಣ ವಾಪಸ್ ಕೊಟ್ಟಿತು ನಿಜ, ಆದರೆ ಎಲ್ಲರೂ ಹಾಗೇ ಕೊಡುತ್ತಾರೆ ಅಂತ ನಂಬಿ ಕೂರಬೇಡಿ. ಕ್ಲೌಡ್‌ನಲ್ಲಿ ಮಾತ್ರ ಇರುವ ಗೇಮ್‌ಗೆ ಪೂರ್ತಿ ಬೆಲೆ ಕೊಡಬೇಡಿ. ಜಿಫೋರ್ಸ್ ನೌನಲ್ಲಿ ನೀವು ಸ್ಟೀಮ್‌ನಂಥ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡ ಗೇಮ್‌ಗಳನ್ನೇ ಆಡುವುದರಿಂದ ಸೇವೆ ನಿಂತರೂ ಗೇಮ್ ನಿಮ್ಮ ಖಾತೆಯಲ್ಲಿ ಉಳಿಯುತ್ತದೆ. ಅಲ್ಲೂ ಒಂದು ತೊಡಕಿದೆ. 2020ರಲ್ಲಿ ಗೇಮ್ ಪ್ರಕಾಶಕ ಕಂಪನಿ ಆಕ್ಟಿವಿಷನ್ ಬ್ಲಿಝಾರ್ಡ್ ತನ್ನ ಗೇಮ್‌ಗಳನ್ನು ಅಲ್ಲಿಂದ ತೆಗೆಸಿತ್ತು, ಅಂದರೆ ಗೇಮ್ ನಿಮ್ಮದೇ ಆದರೂ ಸ್ಟ್ರೀಮ್ ಮಾಡಲು ಬಿಡಬೇಕಾ ಬೇಡವಾ ಅನ್ನುವುದು ಪ್ರಕಾಶಕರ ಕೈಯಲ್ಲಿದೆ. ನಿಮಗೆ ಬೇಕಾದ ಗೇಮ್ ಪಟ್ಟಿಯಲ್ಲಿದೆಯಾ ಅಂತ ಪ್ರತಿ ಸಲ ನೋಡಿಯೇ ಕೊಳ್ಳಿ.

ಉಚಿತ ಪ್ಲಾನ್ ಇದ್ದರೆ ಅದರಲ್ಲೇ ಶುರು ಮಾಡಿ, ಕ್ಯೂನಲ್ಲಿ ಕಾಯಬೇಕಾದರೂ ಪರವಾಗಿಲ್ಲ, ನಿಮ್ಮ ಲೈನ್ ಹೇಗಿದೆ ಅಂತ ಗೊತ್ತಾಗುತ್ತದೆ. ಸರಿ ಅನ್ನಿಸಿದರೆ ಒಂದು ತಿಂಗಳದ್ದು ತೆಗೆದುಕೊಳ್ಳಿ, ರಿಯಾಯಿತಿ ನೋಡಿ ವರ್ಷದ ಪ್ಲಾನ್‌ಗೆ ಹೋಗಬೇಡಿ.