2" ಪೈಪ್ ಅಂತ ಹುಡುಕಿದರೆ ಸೈಟ್ ಯಾಕೆ ಬೀಳುತ್ತದೆ?

ಪೈಪು, ನಲ್ಲಿ ಮಾರುವ ಅಂಗಡಿಯೊಂದಕ್ಕೆ ನೀವು ಜಾವಾದಲ್ಲಿ ಸರ್ಚ್ ಬರೆದಿದ್ದೀರಿ, ಒಳಗೆ ಲೂಸೀನ್ ಅನ್ನೋ ಸರ್ಚ್ ಲೈಬ್ರರಿ ಇದೆ ಅಂದುಕೊಳ್ಳಿ. ಗಿರಾಕಿ 2" ಪೈಪ್ ಅಂತ ಟೈಪ್ ಮಾಡುತ್ತಾರೆ. ಅವರಿಗೆ ಅದು ಇಂಚು. ಲೂಸೀನ್‌ನ ಕ್ವೆರಿ ಪಾರ್ಸರ್‌ಗೆ, ಅಂದರೆ ಹುಡುಕುವ ಪಠ್ಯವನ್ನು ಬಿಡಿಸಿ ಓದುವ ಭಾಗಕ್ಕೆ, ಅದು ತೆರೆದು ಮುಚ್ಚದೆ ಬಿಟ್ಟ ಕೋಟ್. ಓದಲಾಗಲಿಲ್ಲ ಅನ್ನೋ ಪಾರ್ಸ್‌ಎಕ್ಸೆಪ್ಶನ್ ಬರುತ್ತದೆ, ನೀವು ಅದನ್ನು ಸುಮ್ನೆ ರನ್‌ಟೈಮ್ ಎಕ್ಸೆಪ್ಶನ್‌ನಲ್ಲಿ ಸುತ್ತಿ ಮೇಲಕ್ಕೆ ಎಸೆದಿದ್ದರೆ ಗಿರಾಕಿಗೆ ಕಾಣುವುದು ಸರ್ವರ್ ಕೆಟ್ಟಿತು ಅನ್ನೋ 500 ಎರರ್. ತಪ್ಪು ಅವರದ್ದಲ್ಲ, ಅಲ್ವಾ?

ಮೊದಲು ಗಿರಾಕಿ ಟೈಪ್ ಮಾಡಿದ ಪಠ್ಯ ನಲ್ ಅಥವಾ ಖಾಲಿ ಇದೆಯಾ ನೋಡಿ. ನಲ್ ಕೊಟ್ಟರೆ ನಲ್‌ಪಾಯಿಂಟರ್ ಎಕ್ಸೆಪ್ಶನ್ ಗ್ಯಾರಂಟಿ.

ಆಮೇಲೆ ಪಾರ್ಸ್ ಮಾಡುವ ಸಾಲನ್ನು ಮಾತ್ರ ಟ್ರೈ ಒಳಗಿಡಿ, ಇಡೀ ಸರ್ಚನ್ನಲ್ಲ. ಇಂಡೆಕ್ಸ್ ಓದುವಾಗ ಬರುವ ಐಒಎಕ್ಸೆಪ್ಶನ್ ಬೇರೆ ಕಾಯಿಲೆ, ಅದಕ್ಕೆ ಮದ್ದೂ ಬೇರೆ. ಇಂಪೋರ್ಟ್ ಮಾಡುವಾಗ ಹುಷಾರು: ಪಾರ್ಸ್‌ಎಕ್ಸೆಪ್ಶನ್ ಅನ್ನೋ ಹೆಸರಿನ ಇನ್ನೊಂದು ಕ್ಲಾಸ್ ಜಾವಾದ ಟೆಕ್ಸ್ಟ್ ಪ್ಯಾಕೇಜಿನಲ್ಲೂ ಇದೆ. ಎಡಿಟರ್ ಅದನ್ನು ತಂದಿಟ್ಟರೆ ಕಂಪೈಲರ್ ಬೈಯುತ್ತದೆ, ಯಾಕೆ ಅಂತ ತಿಳಿಯದೆ ನೀವು ತಲೆ ಕೆರೆದುಕೊಳ್ಳುತ್ತೀರಿ.

ಕ್ಯಾಚ್ ಒಳಗೆ ಅದೇ ಪಠ್ಯವನ್ನು ಪಾರ್ಸರ್‌ನ ಎಸ್ಕೇಪ್ ಮೆಥಡ್‌ಗೆ ಕೊಟ್ಟು ಮತ್ತೊಮ್ಮೆ ಪಾರ್ಸ್ ಮಾಡಿ. ಅದು ಕೋಟ್, ಕಂಸ, ಕೋಲನ್‌ಗಳಿಗೆ ಮೊದಲು ಬ್ಯಾಕ್‌ಸ್ಲ್ಯಾಶ್ ಇಡುತ್ತದೆ, ಆಗ ಪಾರ್ಸರ್ ಅವನ್ನು ಮಾಮೂಲಿ ಅಕ್ಷರ ಅಂತ ಓದುತ್ತದೆ. ಹಾಗಿದ್ದರೆ ಮೊದಲಿಗೇ ಎಸ್ಕೇಪ್ ಮಾಡಬಾರದಾ? ಬೇಡ, ಕೋಟ್ ಹಾಕಿ, ನಕ್ಷತ್ರ ಹಾಕಿ ಹುಡುಕಲು ಗೊತ್ತಿರುವವರ ಕೈ ಕಟ್ಟಿದಂತಾಗುತ್ತದೆ. ಎರಡನೇ ಸಲವೂ ಸೋಲಬಹುದು, ಯಾಕೆಂದರೆ ದೊಡ್ಡಕ್ಷರದ ಇಂಗ್ಲಿಷ್ ಆ್ಯಂಡ್, ಆರ್, ನಾಟ್ ಪದಗಳನ್ನು ಎಸ್ಕೇಪ್ ಮುಟ್ಟುವುದಿಲ್ಲ. ಆಗ ಖಾಲಿ ಫಲಿತಾಂಶದ ಜೊತೆ 'ಬೇರೆ ಪದ ಹಾಕಿ ನೋಡಿ' ಅಂತ ತೋರಿಸಿ.

ಜಾಸ್ತಿ ಜನ ಎಡವುವುದು ಓರೆಗೆರೆಯಲ್ಲಿ (/). ಲೂಸೀನ್ 4ರಿಂದ ಎರಡು ಓರೆಗೆರೆಗಳ ನಡುವಿನದ್ದು ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಅಕ್ಷರಗಳ ಮಾದರಿ ಹೇಳುವ ಸೂತ್ರ. 24/7 ಅಂದರೆ ತೆರೆದ ಓರೆಗೆರೆ ಮುಚ್ಚಿಲ್ಲ, ಎರರ್. ನಡುವೆ ಮುಚ್ಚದ ಚೌಕ ಕಂಸ ಬಂದರೆ, ಉದಾಹರಣೆಗೆ /[5/, ಬರುವುದು ಇಲ್ಲೀಗಲ್ ಆರ್ಗ್ಯುಮೆಂಟ್ ಎಕ್ಸೆಪ್ಶನ್. ಅದು ರನ್‌ಟೈಮ್ ಜಾತಿಯದ್ದು, ಹಿಡಿಯಿರಿ ಅಂತ ಕಂಪೈಲರ್ ನೆನಪಿಸುವುದಿಲ್ಲ, ಆದ್ದರಿಂದ ಅದೇ ಕ್ಯಾಚ್‌ನಲ್ಲಿ ಅದರ ಹೆಸರನ್ನೂ ಸೇರಿಸಿ. ಇನ್ನು 12/08/2023 ಅಂತ ತಾರೀಖು ಹೊಡೆದರೆ ಎರರೇ ಬರುವುದಿಲ್ಲ, ನಡುವಿನ 08 ಸದ್ದಿಲ್ಲದೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಆಗಿ ಕೂರುತ್ತದೆ. ಇದನ್ನು ಯಾವ ಕ್ಯಾಚೂ ಹಿಡಿಯದು.

ಅದಕ್ಕೇ ಅಂಗಡಿ ಸೈಟಿಗೆ ನಾನಾದರೆ ಲೂಸೀನ್‌ನದೇ ಸಿಂಪಲ್ ಕ್ವೆರಿ ಪಾರ್ಸರ್ ಹಾಕುತ್ತೇನೆ. ವ್ಯಾಕರಣ ತಪ್ಪಿದರೂ ಅದು ಎಕ್ಸೆಪ್ಶನ್ ಎಸೆಯುವುದಿಲ್ಲ, ಮುಚ್ಚದ ಕೋಟನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಓರೆಗೆರೆಗೆ ಅಲ್ಲಿ ವಿಶೇಷ ಅರ್ಥವೂ ಇಲ್ಲ. ಪದಕ್ಕೆ ಮೊದಲು ಅಂಟಿಸಿದ ಮೈನಸ್ ಮಾತ್ರ ಅಲ್ಲೂ 'ಇದು ಬೇಡ' ಅಂತಲೇ, ಬೇಡವಾದರೆ ಕನ್‌ಸ್ಟ್ರಕ್ಟರ್‌ಗೆ ಕೊಡುವ ಫ್ಲ್ಯಾಗ್‌ಗಳಲ್ಲಿ ಅದನ್ನು ಬಿಟ್ಟುಬಿಡಿ.